ಗಡಿಯಾರದ ಪರೀಕ್ಷೆಗೆ ಅಪ್ಪನನ್ನು ತಯಾರು ಮಾಡಬೇಡಿ

ಟ್ಯಾಬ್ಲೆಟ್ ಮೇಲೆ ಗಡಿಯಾರ ಬಿಡಿಸುವ ಪರೀಕ್ಷೆ ನಡೆಯುತ್ತಿರುತ್ತದೆ. ಅಪ್ಪ ವೃತ್ತ ಹಾಕಿದ್ದಾರೆ, ಅಂಕಿಗಳನ್ನೂ ಬರೆದಿದ್ದಾರೆ. ಇನ್ನು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಪೆನ್ನು ಗಾಳಿಯಲ್ಲೇ ನಿಲ್ಲುತ್ತದೆ. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಪಕ್ಕದಲ್ಲಿ ಕೂತ ಮಗಳಿಗೆ ತಡೆಯಲಾಗುವುದಿಲ್ಲ. "ಅಪ್ಪಾ, ಎರಡರ ಹತ್ರ ಅಲ್ವಾ?" ಅಂದುಬಿಡುತ್ತಾಳೆ. ಅಪ್ಪ ತಕ್ಷಣ ಎರಡರ ಕಡೆಗೆ ಗೆರೆ ಎಳೆಯುತ್ತಾರೆ. ಇಬ್ಬರಿಗೂ ನೆಮ್ಮದಿ. ನನ್ನ ಪಾಲಿಗೆ ಆ ಪರೀಕ್ಷೆ ಅಲ್ಲಿಗೆ ಕೆಟ್ಟಿತು.

ನಾನು ನ್ಯೂರೋಸೈಕಾಲಜಿಸ್ಟ್. ಮರೆವಿನ ತೊಂದರೆ ಇದೆ ಅಂತ ಬರುವ ಹಿರಿಯರನ್ನು ಪರೀಕ್ಷಿಸುವುದು ನನ್ನ ಕೆಲಸ. ಇಂಥ ಮಗಳ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ಒದ್ದಾಡುವುದನ್ನು ಸುಮ್ನೆ ನೋಡುತ್ತಾ ಕೂರುವುದು ಯಾವ ಮಗಳಿಗೂ ಕಷ್ಟ. ಆದರೆ ಆಕೆ ಮಾತಿನಿಂದ ತುಂಬಿದ ಆ ನಾಲ್ಕು ಸೆಕೆಂಡು ಇದೆಯಲ್ಲ, ಇಡೀ ಪರೀಕ್ಷೆಯಲ್ಲಿ ನನಗೆ ಬೇಕಾಗಿದ್ದದ್ದು ಅದೇ. ಇದನ್ನು ಎಷ್ಟು ಸಲ ಹೇಳಿದರೂ ಸಾಲುತ್ತಿಲ್ಲ. ಹಾಗಾಗಿ ಇವತ್ತು ವಿವರವಾಗಿ ಬರೆಯುತ್ತಿದ್ದೇನೆ.

ಹನ್ನೊಂದು ಹತ್ತೇ ಯಾಕೆ ಅಂತ ಕೆಲವರು ಕೇಳುತ್ತಾರೆ. ಈ ಸಮಯದಲ್ಲಿ ಒಂದು ಮುಳ್ಳು ಗಡಿಯಾರದ ಎಡಭಾಗದಲ್ಲಿರಬೇಕು, ಇನ್ನೊಂದು ಬಲಭಾಗದಲ್ಲಿರಬೇಕು. ಹಾಗಾಗಿ ಎರಡೂ ಬದಿಗೆ ಗಮನ ಹೋಗುತ್ತಿದೆಯಾ ಅನ್ನುವುದು ಗೊತ್ತಾಗುತ್ತದೆ. ಮುಖ್ಯ ಕಾರಣ ಬೇರೆ. "ಹತ್ತು ನಿಮಿಷ" ಅಂತ ಕೇಳಿದ ಕೂಡಲೇ ಕಣ್ಣು 10ರ ಅಂಕಿಯ ಕಡೆಗೆ ಓಡುತ್ತದೆ. ಅದು 11ರ ಪಕ್ಕದಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ. ಆ ಸೆಳೆತವನ್ನು ತಡೆಯಬೇಕು. ಗಡಿಯಾರದಲ್ಲಿ ಹತ್ತು ನಿಮಿಷ ಅಂದರೆ 2 ಅಂತ ಮನಸ್ಸಿನಲ್ಲೇ ಲೆಕ್ಕ ಬದಲಿಸಿಕೊಳ್ಳಬೇಕು. ಆಮೇಲೆ ಕೈ ಆ ಕಡೆ ಹೋಗಬೇಕು. ಇದೆಲ್ಲ ಆಗುವುದು ಪೆನ್ನು ಗಾಳಿಯಲ್ಲಿರುವಾಗ. ಮಿದುಳಿನ ಮುಂಭಾಗದ ಕೆಲಸ ಕುಂದಿದವರಲ್ಲಿ ಈ ತಡೆ ಸಡಿಲವಾಗುತ್ತದೆ. ಒಂದು ಮುಳ್ಳು 11ಕ್ಕೆ, ಇನ್ನೊಂದು 10ಕ್ಕೆ ಹೋಗಿಬಿಡುತ್ತದೆ.

ಕಾಗದದ ಮೇಲೆ ಈ ಪರೀಕ್ಷೆ ಬಹಳ ಕಾಲದಿಂದ ನಡೆಯುತ್ತಿದೆ. ನೆನಪು, ಗಮನ, ಯೋಚನೆ ಹೇಗಿದೆ ಅಂತ ನೋಡುವ ಮೋಕಾ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು, ಅದರಲ್ಲಿ ಒಟ್ಟು 30 ಅಂಕ. ಅದರಲ್ಲಿ 3 ಅಂಕ ಗಡಿಯಾರಕ್ಕೆ: ಆಕಾರಕ್ಕೊಂದು, ಅಂಕಿಗಳಿಗೊಂದು, ಮುಳ್ಳುಗಳಿಗೊಂದು. ಮಿನಿ-ಕಾಗ್ ಅನ್ನುವ ಚಿಕ್ಕ ಪರೀಕ್ಷೆಯಲ್ಲಿ ಮೂರು ಪದಗಳನ್ನು ನೆನಪಿಟ್ಟುಕೊಳ್ಳಬೇಕು, ಒಂದು ಗಡಿಯಾರ ಬಿಡಿಸಬೇಕು. ಎರಡರಲ್ಲೂ ಅಂಕ ಸಿಗುವುದು ಮುಗಿದ ಚಿತ್ರಕ್ಕೆ. ಆ ಚಿತ್ರ ಹೇಗೆ ಹುಟ್ಟಿತು ಅನ್ನುವುದಕ್ಕೆ ಅಲ್ಲಿ ಅಂಕವಿಲ್ಲ.

ಉತ್ತರ ಸರಿಯೋ ತಪ್ಪೋ ಅಂತ ನೋಡಿ ಬಿಟ್ಟರೆ ಸಾಲದು, ರೋಗಿ ಯಾವ ದಾರಿಯಲ್ಲಿ ಆ ಉತ್ತರಕ್ಕೆ ಬಂದರು ಅಂತಲೂ ನೋಡಬೇಕು ಅಂತ ಒತ್ತಿ ಹೇಳಿದವರು ಅಮೆರಿಕದ ಬಾಸ್ಟನ್‌ನ ನ್ಯೂರೋಸೈಕಾಲಜಿಸ್ಟ್ ಈಡಿತ್ ಕ್ಯಾಪ್ಲನ್. ಹನ್ನೊಂದು ಹತ್ತನ್ನು ನಮ್ಮ ಕ್ಷೇತ್ರದಲ್ಲಿ ರೂಢಿಗೆ ತಂದದ್ದರಲ್ಲೂ ಅವರ ಪಾಲು ದೊಡ್ಡದು. ಆಗೆಲ್ಲ ಪರೀಕ್ಷಕರು ಸ್ಟಾಪ್‌ವಾಚ್ ಹಿಡಿದು, ನೋಡುತ್ತಲೇ ಟಿಪ್ಪಣಿ ಬರೆಯಬೇಕಿತ್ತು. ರೇ ಚಿತ್ರ ಅಂತ ಒಂದು ತೊಡಕಿನ ಆಕೃತಿ ಇದೆ, ಅದನ್ನು ನೋಡಿ ನಕಲು ಮಾಡಬೇಕು. ಅದರಲ್ಲಿ ಯಾವ ಗೆರೆ ಮೊದಲು ಬಂತು, ಯಾವುದು ಆಮೇಲೆ ಅಂತ ತಿಳಿಯಲು ನಡುನಡುವೆ ಬೇರೆ ಬೇರೆ ಬಣ್ಣದ ಪೆನ್ಸಿಲ್ ಕೊಡುವ ಪದ್ಧತಿ ಇತ್ತು. ಎಷ್ಟು ಚುರುಕಾದ ಕಣ್ಣಿದ್ದರೂ ಕೆಲವು ತಪ್ಪಿಹೋಗುತ್ತಿದ್ದವು.

ಡಿಜಿಟಲ್ ಪೆನ್ನು ಈ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರ‍್ಯಾಂಡಲ್ ಡೇವಿಸ್ ಮತ್ತು ಲೇಹಿ ಆಸ್ಪತ್ರೆಯ ಡೇನಾ ಪೆನ್ನಿ ಅವರ ತಂಡ ಬಳಸಿದ ಪೆನ್ನು ತಾನು ಎಲ್ಲಿದ್ದೇನೆ ಅನ್ನುವುದನ್ನು ಸೆಕೆಂಡಿಗೆ ಸುಮಾರು 80 ಬಾರಿ ಗುರುತಿಸಿಕೊಳ್ಳುತ್ತಿತ್ತು. ಅಮೆರಿಕದ ಒಂದು ಊರಿನ ಜನರ ಆರೋಗ್ಯವನ್ನು ದಶಕಗಳಿಂದ ಗಮನಿಸುತ್ತಾ ಬಂದಿರುವ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದಲ್ಲೂ 2011ರಿಂದ ಡಿಜಿಟಲ್ ಪೆನ್ನಿನ ಗಡಿಯಾರ ಪರೀಕ್ಷೆ ಸೇರಿತು. ಈಗ ಟ್ಯಾಬ್ಲೆಟ್‌ಗಳೂ ಇದನ್ನೇ ಮಾಡುತ್ತವೆ. ಯಾವ ಗೆರೆ ಯಾವಾಗ ಶುರುವಾಯಿತು, ಎಷ್ಟು ವೇಗದಲ್ಲಿ ಸಾಗಿತು, ಪೆನ್ನು ಎಲ್ಲಿ ಮೇಲೆದ್ದಿತು, ಎಷ್ಟು ಹೊತ್ತು ಮೇಲೇ ಇತ್ತು, ಎಲ್ಲವೂ ದಾಖಲಾಗುತ್ತದೆ. ಮೊದಲ ಮುಳ್ಳು ಎಳೆಯುವ ಮುಂಚಿನ ವಿರಾಮವನ್ನು ನಾವು ಬೇರೆಯಾಗಿಯೇ ಅಳೆಯುತ್ತೇವೆ.

ಈ ವಿರಾಮ ಎಷ್ಟು ಮಾತಾಡುತ್ತದೆ ಅನ್ನುವುದಕ್ಕೆ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಅವರನ್ನು ಯಾರೂ ಗುರುತಿಸದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಜೀವನವಿಡೀ ನಕ್ಷೆ ಬಿಡಿಸಿದ ಕೈ ಅವರದು. ಅವರು ಹಾಕಿದ ಗಡಿಯಾರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು. ಮಗ ಅದನ್ನು ನೋಡಿ, "ನೋಡಿ ಮೇಡಂ, ಅಪ್ಪ ಸರಿಯಾಗೇ ಇದ್ದಾರೆ. ನಾವೇ ಸುಮ್ನೆ ಗಾಬರಿಯಾದ್ವಿ" ಅಂದರು. ಕಾಗದದ ಮೇಲಾಗಿದ್ದರೆ ಅದಕ್ಕೆ ಪೂರ್ತಿ ಅಂಕ. ಆದರೆ ದಾಖಲೆಯನ್ನು ಮತ್ತೆ ಓಡಿಸಿ ನೋಡಿದಾಗ ಬೇರೆಯೇ ಕಂಡಿತು. ಅಂಕಿಗಳನ್ನೆಲ್ಲ ಸರಾಗವಾಗಿ ಬರೆದವರು ಮುಳ್ಳಿನ ಹತ್ತಿರ ಬಂದು ನಿಂತುಬಿಟ್ಟಿದ್ದರು. ಪೆನ್ನಿನ ತುದಿ ಗಾಜಿನ ಮೇಲೇ ತೇಲುತ್ತಾ 10ರ ಹತ್ತಿರ ಹೋಗಿತ್ತು, ಹಿಂದೆ ಬಂದಿತ್ತು, ಮತ್ತೆ ಹೋಗಿತ್ತು. ಬಹಳ ಹೊತ್ತಾದ ಮೇಲೆ 2ಕ್ಕೆ ಗೆರೆ ಬಿತ್ತು. ಉತ್ತರ ಸರಿ. ಆದರೆ ಆ ಉತ್ತರಕ್ಕಾಗಿ ಅವರು ಪಟ್ಟ ಶ್ರಮ ಅವರ ಓದಿಗೂ ವೃತ್ತಿಗೂ ಹೊಂದುವಂಥದ್ದಾಗಿರಲಿಲ್ಲ. ಅದೊಂದರಿಂದಲೇ ಕಾಯಿಲೆ ಅಂತ ನಾನು ಹೇಳಲಿಲ್ಲ, ಹೇಳಲೂಬಾರದು. ಇನ್ನೂ ಪೂರ್ತಿ ಪರೀಕ್ಷೆ ಆಗಬೇಕು ಅಂತ ಹೇಳುವುದಕ್ಕೆ ಅದು ಸಾಕಾಗಿತ್ತು.

ಅವರ ಮಗ ಪಕ್ಕದಲ್ಲಿ ಕೂತು "ಎರಡು" ಅಂತ ಪಿಸುಗುಟ್ಟಿದ್ದರೆ ಇದ್ಯಾವುದೂ ಕಾಣುತ್ತಿರಲಿಲ್ಲ.

ಪಿಸುಗುಟ್ಟುವುದಾದರೂ ನನ್ನ ಕಿವಿಗೆ ಬೀಳುತ್ತದೆ. ಪರೀಕ್ಷೆ ನಿಲ್ಲಿಸಬಹುದು, ದಾಖಲೆಯಲ್ಲಿ ಗುರುತು ಹಾಕಬಹುದು. ನನ್ನನ್ನು ಹೆಚ್ಚು ಕಾಡುವುದು ಮನೆಯ ತಯಾರಿ. ಪರೀಕ್ಷೆಗೆ ಬರುವ ಮುಂಚೆ ಅಂತರ್ಜಾಲದಲ್ಲಿ ಹುಡುಕಿ, ಹನ್ನೊಂದು ಹತ್ತು ಕೇಳುತ್ತಾರೆ ಅಂತ ತಿಳಿದುಕೊಂಡು, ಅಮ್ಮನ ಕೈಯಲ್ಲಿ ದಿನಾ ಬಿಡಿಸುವವರಿದ್ದಾರೆ. ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿಕೊಂಡು ಅಂಕ ಏರಿಸುವವರೂ ಇದ್ದಾರೆ. ಹಾಗೆ ತಯಾರಾಗಿ ಬಂದ ಒಬ್ಬ ಅಮ್ಮ ಚಕಚಕನೆ ಗಡಿಯಾರ ಬಿಡಿಸಿ ಮುಗಿಸಿದರು. ಎಲ್ಲೂ ತಡವರಿಕೆ ಇಲ್ಲ. ನನಗೆ ಅನುಮಾನ ಬಂದು, "ಇನ್ನೊಂದು ಹಾಕಿ ಅಮ್ಮ, ಎಂಟು ಗಂಟೆ ಇಪ್ಪತ್ತು ನಿಮಿಷ ತೋರಿಸಿ" ಅಂದೆ. ಅಷ್ಟೇ ಚಕಚಕನೆ ಮತ್ತೆ ಹನ್ನೊಂದು ಹತ್ತು ಬಿಡಿಸಿದರು. ಆಮೇಲೆ ನನ್ನ ಮುಖ ನೋಡಿದರು. ಏನೋ ಸರಿಯಿಲ್ಲ ಅಂತ ಅವರಿಗೂ ಅನಿಸಿತ್ತು, ಏನಂತ ಗೊತ್ತಾಗಿರಲಿಲ್ಲ. ಮಕ್ಕಳು ಪ್ರೀತಿಯಿಂದಲೇ ಕಲಿಸಿದ್ದರು. ಆ ಪ್ರೀತಿ ಅಮ್ಮನನ್ನು ಇಂಥ ಪೇಚಿಗೆ ತಂದು ನಿಲ್ಲಿಸಿತು.

ಸಕ್ಕರೆ ಪರೀಕ್ಷೆಗೆ ಮುಂಚೆ ಎರಡು ದಿನ ಮಾತ್ರ ಪಥ್ಯ ಮಾಡಿ, ಅಂಕಿ ಚೆನ್ನಾಗಿ ಬಂತು ಅಂತ ಖುಷಿಪಟ್ಟರೆ ಸಕ್ಕರೆ ಕಾಯಿಲೆ ಹೋಗುತ್ತದಾ? ಇದೂ ಹಾಗೇ. ಕಲಿಸಿದ್ದರಿಂದ ಮಿದುಳಿಗೆ ಆಗುತ್ತಿರುವ ತೊಂದರೆ ಕಡಿಮೆಯಾಗುವುದಿಲ್ಲ. ಅದು ನಮ್ಮ ಕಣ್ಣಿಗೆ ಕಾಣುವುದು ಮಾತ್ರ ತಡವಾಗುತ್ತದೆ. ಇನ್ನೂ ಒಂದು ನಷ್ಟವಿದೆ. ಆರು ತಿಂಗಳೋ ವರ್ಷವೋ ಆದ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡಿ ಹಳೆಯದರ ಜೊತೆ ಹೋಲಿಸುತ್ತೇವೆ. ಬೇರೆಯವರ ಸರಾಸರಿಗಿಂತ ಆ ವ್ಯಕ್ತಿಯದೇ ಹಳೆಯ ದಾಖಲೆ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲನೆಯದೇ ಕಲಿಸಿದ ಗಡಿಯಾರವಾದರೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಈಗ ಎಚ್ಚರಿಕೆಯ ಮಾತು. ವಿರಾಮ ಉದ್ದವಾಯಿತು ಅಂದ ಮಾತ್ರಕ್ಕೆ ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ, ಅಂತ ಅಲ್ಲ. ಖಿನ್ನತೆ ಇರುವವರು ನಿಧಾನವಾಗುತ್ತಾರೆ. ಬಿ12 ಕೊರತೆ, ಥೈರಾಯ್ಡ್ ಕೆಲಸ ಕುಂದಿರುವುದು, ನಿದ್ದೆ ಮಾತ್ರೆ, ಕಿವಿ ಸರಿಯಾಗಿ ಕೇಳದಿರುವುದು, ಇವೆಲ್ಲ ಇದೇ ರೀತಿ ಕಾಣಬಹುದು. ಗಂಟುನೋವಿದ್ದವರಿಗೆ ಪೆನ್ನು ಹಿಡಿಯುವುದೇ ಕಷ್ಟ. ಗಾಜಿನ ಮೇಲೆ ಪೆನ್ನು ಜಾರುತ್ತದೆ, ಟ್ಯಾಬ್ಲೆಟ್ ಮುಟ್ಟಿಯೇ ಇರದವರಿಗೆ ಅದು ಹೊಸದು. ಅದಕ್ಕೇ ಮೊದಲು ಸುಮ್ನೆ ಗೀಚುವುದಕ್ಕೆ ಬಿಡುತ್ತೇವೆ. ಶಾಲೆಗೆ ಹೋಗದವರ ಬಗ್ಗೆ ನಾನು ಇನ್ನೂ ಜಾಗ್ರತೆಯಿಂದಿರುತ್ತೇನೆ. ಪೆನ್ನು ಹಿಡಿದು ಅಭ್ಯಾಸವೇ ಇಲ್ಲದ ಕೈಯಿಂದ ಬಂದ ಗಡಿಯಾರ ಓರೆಕೋರೆಯಾಗಿದ್ದರೆ ಅದು ಕಾಯಿಲೆಯ ಗುರುತು ಅಂತ ಹೇಳುವುದು ಅನ್ಯಾಯ.

ಇದರ ಇನ್ನೊಂದು ಮಗ್ಗುಲನ್ನು ಜನ ಕೇಳಿಸಿಕೊಳ್ಳುವುದೇ ಇಲ್ಲ. ಗಡಿಯಾರ ಚೆನ್ನಾಗಿ ಬಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಸ್ವಭಾವ, ನಡವಳಿಕೆ ಮೊದಲು ಕೆಡುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾದಲ್ಲಿ ಆರಂಭದಲ್ಲಿ ಚಿತ್ರ ಸರಿಯಾಗಿಯೇ ಇರಬಹುದು. ಮಿದುಳಿನ ಹಿಂಭಾಗದಿಂದ ಶುರುವಾಗುವ ಒಂದು ಬಗೆಯ ಅಲ್ಝೈಮರ್‌ನಲ್ಲಿ ನೆನಪು ಗಟ್ಟಿಯಾಗಿದ್ದಾಗಲೇ ಚಿತ್ರ ಚೆಲ್ಲಾಪಿಲ್ಲಿಯಾಗುತ್ತದೆ. ಹಾಗಾಗಿ ಒಂದೇ ಗಡಿಯಾರ ನೋಡಿ ತೀರ್ಪು ಕೊಡುವುದಿಲ್ಲ. ಮನಸ್ಸಿನಿಂದ ಬಿಡಿಸಲು ಹೇಳುತ್ತೇವೆ, ಆಮೇಲೆ ಮುಂದೆ ಒಂದು ಗಡಿಯಾರ ಇಟ್ಟು ನೋಡಿ ಬಿಡಿಸಲು ಹೇಳುತ್ತೇವೆ. ಅಲ್ಝೈಮರ್ ಇರುವವರಲ್ಲಿ ಸಾಮಾನ್ಯವಾಗಿ ಎರಡನೆಯದು ಸುಧಾರಿಸುತ್ತದೆ. ಪಾರ್ಕಿನ್ಸನ್‌ನಂಥ ಕಾಯಿಲೆಗಳಲ್ಲಿ ಅಷ್ಟಾಗಿ ಸುಧಾರಿಸದೆ ಇರಬಹುದು, ಚಿತ್ರ ಚಿಕ್ಕದಾಗುವುದೂ ಉಂಟು. ಇದೂ ಕಟ್ಟುನಿಟ್ಟಾದ ನಿಯಮವಲ್ಲ. ಮಾತು, ನೆನಪು, ದಿನದ ಕೆಲಸ, ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಸೇರಿದ ಮೇಲೇ ವೈದ್ಯರು ಒಂದು ಮಾತು ಹೇಳುತ್ತಾರೆ.

ಹಿರಿಯರಿಗೆ ಇದೆಲ್ಲ ಎಷ್ಟು ಮುಜುಗರ ಅಂತ ನನಗೆ ಗೊತ್ತು. ಶಿಕ್ಷಕಿಯಾಗಿದ್ದ ಒಬ್ಬ ಅಜ್ಜಿ ಪೆನ್ನನ್ನು ನನ್ನ ಕೈಗೇ ಕೊಟ್ಟು, "ಮೊದಲು ನೀನು ಬರಿ, ನೋಡೋಣ" ಅಂದಿದ್ದರು. ಬರೆದು ತೋರಿಸಿದರೆ ಅವರ ಪರೀಕ್ಷೆ ಕೆಡುತ್ತದೆ. ಹಾಗಾಗಿ ಗಡಿಯಾರದ ಬದಲು ಒಂದು ಹೂವು ಬಿಡಿಸಿ ತೋರಿಸಿದೆ. "ಪರವಾಗಿಲ್ಲ, ಕೈ ಪಳಗಬೇಕು" ಅಂತ ಹೇಳಿ ತಮ್ಮ ಗಡಿಯಾರ ಶುರುಮಾಡಿದರು. ಅಂಥವರ ಜೊತೆ ಕೂತು ಕೆಲಸ ಮಾಡುವುದು ನನಗೆ ಇಷ್ಟ. ಅವರಿಗೆ ಅವಸರ ಮಾಡದಿದ್ದರೆ, ಯಾರೂ ನಡುವೆ ಬಾಯಿ ಹಾಕದಿದ್ದರೆ, ಅವರು ಗೌರವದಿಂದಲೇ ಪರೀಕ್ಷೆ ಮುಗಿಸುತ್ತಾರೆ.

ಪರೀಕ್ಷೆಗೆ ಬರುವಾಗ ಕನ್ನಡಕ ತನ್ನಿ, ಕಿವಿಯ ಯಂತ್ರ ತನ್ನಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಗಡಿಯಾರ ಕಲಿಸುವ ಬದಲು, ಮನೆಯಲ್ಲಿ ಅವರ ನಡೆನುಡಿಯಲ್ಲಿ ಏನು ಬದಲಾಗಿದೆ ಅಂತ ಬರೆದಿಡಿ. ಲೆಕ್ಕಪತ್ರ ನೋಡುವುದು ಯಾವಾಗ ಬಿಟ್ಟರು? ಗೊತ್ತಿದ್ದ ದಾರಿ ತಪ್ಪಿದ್ದುಂಟಾ? ಮಾತ್ರೆ ಎರಡು ಸಲ ನುಂಗಿದ್ದುಂಟಾ? ಒಂದೇ ಪ್ರಶ್ನೆಯನ್ನು ಎಷ್ಟು ಬೇಗ ಮತ್ತೆ ಕೇಳುತ್ತಾರೆ? ಆ ಒಂದು ಹಾಳೆ ನನಗೆ ಟ್ಯಾಬ್ಲೆಟ್‌ನಷ್ಟೇ ಬೇಕು. ಪರೀಕ್ಷೆ ನಡೆಯುವಾಗ ಸಾಧ್ಯವಾದರೆ ಹೊರಗಿರಿ. ಒಳಗೇ ಇರಬೇಕಾದರೆ ಹಿಂದಿನ ಕುರ್ಚಿಯಲ್ಲಿ ಕೂತು ಸುಮ್ಮನಿರಿ.

ಈಗಾಗಲೇ ಕಲಿಸಿಬಿಟ್ಟಿದ್ದರೆ ಮೊದಲೇ ಹೇಳಿಬಿಡಿ. ಯಾರೂ ಬೈಯುವುದಿಲ್ಲ. ಬೇರೆ ಸಮಯ ಕೇಳಬಹುದು, ಬೇರೆ ಚಿತ್ರ ಕೊಡಬಹುದು, ಗಡಿಯಾರವನ್ನು ಕೆಲವು ತಿಂಗಳು ಮುಂದಕ್ಕೂ ಹಾಕಬಹುದು. ನೀವು ಮುಚ್ಚಿಟ್ಟರೆ ಮಾತ್ರ ನಾನು ಆ ಚಕಚಕನೆ ಬಂದ ಗಡಿಯಾರವನ್ನು ನಿಜವಾದದ್ದೇ ಅಂದುಕೊಂಡು ವರದಿ ಬರೆಯುತ್ತೇನೆ, ಮತ್ತು ವೈದ್ಯರು ಅದನ್ನೇ ನಂಬಿ ಮುಂದಿನ ಹೆಜ್ಜೆ ಇಡುತ್ತಾರೆ.