ಕೌದಿಗೆ ಹೊಲಿದ ಉತಾರ

ಕಲೆಯ ಪರೀಕ್ಷೆಯಲ್ಲಿ ಮನೆ ಸಾಮಾನಿನಿಂದ ಮಾಡಿದ ಶಿಲ್ಪದ ಬಗ್ಗೆ ಪ್ರಶ್ನೆ ಬಂದರೆ ನಮ್ಮಲ್ಲಿ ಜಾಸ್ತಿ ಜನ ಒಂದೇ ಸಾಲು ಬರೆಯುತ್ತೇವೆ: ‘ಪಾತ್ರೆ ಹೆಣ್ಣಿನ ದುಡಿಮೆಯ ಸಂಕೇತ.’ ತಪ್ಪೇನಿಲ್ಲ. ಆದರೆ ಅಷ್ಟಕ್ಕೆ ಶಿಲ್ಪ ಯಾಕೆ, ಪಾತ್ರೆಯೇ ಸಾಕಲ್ವಾ? ಕಲಾವಿದೆ ಆ ಪಾತ್ರೆಗೆ ಏನು ಮಾಡಿದಳು ಅನ್ನೋದನ್ನು ಮೊದಲು ನೋಡಿ.

ಮೊನಾ ಹತೂಮ್ ಬೈರೂತ್‌ನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಕಲಾವಿದೆ. 1999ರ ಅವರ ‘ಹೋಮ್’ ಅನ್ನೋ ಕೃತಿಯಲ್ಲಿ ಉದ್ದನೆಯ ಮೇಜಿನ ಮೇಲೆ ತುರಿಯುವ ಮಣೆ, ಜರಡಿ, ಕತ್ತರಿಯಂಥ ಲೋಹದ ಸಾಮಾನುಗಳಿವೆ. ಎಲ್ಲಕ್ಕೂ ವೈರ್ ಸಿಕ್ಕಿಸಿ ಕರೆಂಟು ಹರಿಸಿದ್ದಾರೆ. ನಡುನಡುವೆ ಬಲ್ಬು ಹೊತ್ತಿ ಮಂಕಾಗುತ್ತದೆ. ಕರೆಂಟಿನ ಗುಂಯ್ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಎದುರಿಗೆ ತಂತಿ ಬೇಲಿ. ದಿನಾ ಕೈಯಲ್ಲಿ ಹಿಡಿಯುವ ಸಾಮಾನನ್ನೇ ಮುಟ್ಟಲು ಹೆದರಿಕೆ ಆಗುತ್ತದೆ. ಮನೆಯೊಳಗೇ ಭಯದಲ್ಲಿ ಬದುಕುವುದು ಹೇಗಿರುತ್ತದೆ ಅಂತ ಆ ಸದ್ದು ಮೈಗೆ ತಿಳಿಸುತ್ತದೆ.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಇನ್ನೊಂದು ದಾರಿ ಹಿಡಿದರು. 1998ರ ಒಂದು ಕೃತಿಯಲ್ಲಿ ಸೂಜಿಗೆ ಪೋಣಿಸಿದ ದಾರವನ್ನು ಎರಡೂ ಬದಿ ಸಮ ಆಗುವವರೆಗೆ ಎಳೆದರು. ಹಾಗೆ ಎಷ್ಟೋ ದಾರ ಸೇರಿಸಿ, ಕುಂಕುಮದ ಕೆಂಪು ಮತ್ತು ಅಂಟು ಸವರಿ ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳ ಗೊಂಚಲು. ‘ಅವನಿಗೆ ನನ್ನ ನೋವು ಹೇಳು’ ಅನ್ನೋದು ಇಂಗ್ಲಿಷಿನಲ್ಲಿರುವ ಅದರ ಹೆಸರಿನ ಅರ್ಥ. ಎಳೆದು ಎಳೆದು ಕಳೆದ ಹೊತ್ತೇ ಇಲ್ಲಿ ಶಿಲ್ಪ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯನ್ನು ಇದರ ಪಕ್ಕ ಇಟ್ಟುಕೊಳ್ಳಿ: ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97.

ಹೀಗೆ ದುಡಿಮೆಯಲ್ಲಿ ಕಳೆದ ಹೊತ್ತು ನನಗೆ ಕಣ್ಣಿಗೆ ಕಂಡದ್ದು ಗುಳೇದಗುಡ್ಡದಲ್ಲಿ, ನಮ್ಮ ಆಯಿಯ (ಅಜ್ಜಿಯ) ಕೌದಿಯಲ್ಲಿ, ಅಂದರೆ ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆಯಲ್ಲಿ. ಹಳೇ ಇಳಕಲ್ ಸೀರೆಗಳ ಪದರ. ದಡಿಯ ಹತ್ತಿರ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣ, ಒತ್ತೊತ್ತಾಗಿ. ಒಂದು ಮೂಲೆಗೆ ಬರುವಾಗ ಬೆರಳಗಲ ದೂರ ಹೋಗಿದೆ, ಸಾಲು ಸೊಟ್ಟ. ಕಣ್ಣು ಮಂದ ಆದ ಮೇಲೆ ಹೊಲಿದದ್ದು. ಆಯಿಗೆ ತವರಿನಿಂದ ಬಂದದ್ದು ಸೀರೆ, ಅಣ್ಣತಮ್ಮಂದಿರಿಗೆ ಹೊಲ. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರು. ಆದರೆ ಅಷ್ಟರೊಳಗೆ ಮದುವೆಯಾದವರು ಅದರಿಂದ ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ಕಾಯ್ದೆ ಬಂದರೂ ‘ತವರು ಬೇಕೋ, ಪಾಲು ಬೇಕೋ’ ಅನ್ನೋ ಮಾತು ನಿಂತಿಲ್ಲ. ಇದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಪ್ರಾಕ್ಟಿಕಲ್‌ಗೆ ನಾನು ಒಂದು ಕೌದಿ ಹೊಲಿಯುತ್ತಿದ್ದೇನೆ. ಆಯಿಯ ಒಪ್ಪಿಗೆ ಕೇಳಿ ಅವಳ ಸೀರೆ ತಗೊಂಡೆ. ಅದರ ಮೇಲೆ ಅವಳ ತವರಿನ ಹೊಲದ ಉತಾರದ, ಅಂದರೆ ಹೊಲ ಯಾರ ಹೆಸರಲ್ಲಿದೆ ಅಂತ ಹೇಳುವ ಪಹಣಿಯ, ಝೆರಾಕ್ಸ್ ತುಂಡುಗಳು. ಕಾಗದ ಸೂಜಿಗೆ ತಡೆಯುವುದಿಲ್ಲ, ಸರಿಯಾಗಿ ಹೆಸರು ಇರುವ ಕಡೆಯೇ ಹರಿಯುತ್ತದೆ. ಹಿಂದೆ ಹಳೇ ಧೋತರದ ಚೂರು ಇಟ್ಟು ಹೊಲಿ ಅಂತ ಆಯಿಯೇ ತೋರಿಸಿಕೊಟ್ಟಳು.