ಹೊಸ ಔಷಧಿಯನ್ನೇ ಕೊಡಿ ಎಂದು ಪತ್ರ ತರುವವರಿಗೆ

ಮಕ್ಕಳ ಮೇಲೆ ಔಷಧಿ ಪ್ರಯೋಗ ಅಂದರೆ ಹಳ್ಳಿ ಜನ ಓಡಿಹೋಗುತ್ತಾರೆ ಎಂದು ದೊಡ್ಡ ಊರಿನ ಡಾಕ್ಟರುಗಳು ಹೇಳುತ್ತಿರುತ್ತಾರೆ. ಓಡಿಹೋಗುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕಲಬುರಗಿಯಲ್ಲಿ ಮಕ್ಕಳ ಡಾಕ್ಟರಾಗಿರುವ ನನ್ನ ತಲೆ ತಿನ್ನುವವರು ಪ್ರಯೋಗದ ಹೊಸ ಔಷಧಿ ನಮ್ಮ ಮಗುವಿಗೇ ಬೇಕು ಎಂದು ಓಡಿ ಬರುವವರು.

ಸೇಡಂ ಕಡೆಯ ಅಜ್ಜ ಒಬ್ಬರು ಪಂಚಾಯಿತಿ ಮೆಂಬರರಿಂದ ಪತ್ರ ಬರೆಸಿಕೊಂಡು ಬಂದಿದ್ದರು. 'ಹಳೇದು ಬ್ಯಾಡ್ರಿ ಸಾಹೇಬ್ರ, ನಮ್ ಹುಡುಗಂಗ ಹೊಸಾದೇ ಕೊಡ್ರಿ. ಎಲ್ಲಿ ಸಹಿ ಮಾಡ್ಬೇಕು ಹೇಳ್ರಿ.' ಒಪ್ಪಿಗೆಯ ಹಾಳೆ ತಿರುಗಿಸಿಯೂ ನೋಡಲಿಲ್ಲ. ಅಪ್ಪ, ಅಮ್ಮ ಜೊತೆಗೇ ಬಂದಿದ್ದರೂ ಮಾತೆಲ್ಲ ಅಜ್ಜಂದೇ.

ಯಾವ ಮಗುವಿಗೆ ಯಾವ ಔಷಧಿ ಎಂದು ಆರಿಸುವುದು ನಾನಲ್ಲ. ಮೆಂಬರೂ ಅಲ್ಲ. ಜಾತ್ರೆಯಲ್ಲಿ ಚೀಟಿ ಎತ್ತಿದ ಹಾಗೆ ಅದು. ಕಂಪ್ಯೂಟರ್ ಕೊಟ್ಟ ನಂಬರಿನ ಪ್ರಕಾರ ಒಬ್ಬರಿಗೆ ಹೊಸದು, ಇನ್ನೊಬ್ಬರಿಗೆ ಈಗ ಬಳಕೆಯಲ್ಲಿರುವುದು. ಎಷ್ಟೋ ಪ್ರಯೋಗಗಳಲ್ಲಿ ಡಬ್ಬಿಯ ಮೇಲೆ ನಂಬರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಒಳಗೇನಿದೆ ಎಂದು ನನಗೂ ಗೊತ್ತಿರುವುದಿಲ್ಲ. ಎಲ್ಲ ಪ್ರಯೋಗವೂ ಹೀಗೇ ಅಂತಲ್ಲ.

ಕೇಳಿದವರಿಗೆ ಕೊಟ್ಟುಬಿಟ್ಟರೆ ಏನಾಗುತ್ತೆ? ಕೇಳೋಕೆ ಬರುವವರು ಯಾರು ನೋಡಿ. ಬೈಕ್ ಇದ್ದವರು, ಊರಿಗೆ ಹತ್ತಿರ ಇದ್ದವರು, ಮನೆಯಲ್ಲಿ ಎಮ್ಮೆ ಕಟ್ಟಿದವರು. ಅವರ ಮಕ್ಕಳಿಗೆ ಹೊಸದು, ಚಿಂಚೋಳಿಯ ತಾಂಡಾದ ಮಕ್ಕಳಿಗೆ ಹಳೇದು ಹೋಯಿತು ಅಂದುಕೊಳ್ಳಿ. ಮೊದಲಿನವರು ಬೇಗ ಚೇತರಿಸಿಕೊಂಡರೆ ಅದು ಔಷಧಿಯ ಗುಣವೋ, ಹಾಲಿನ ಗುಣವೋ? ಹೇಳೋಕೆ ಬರಲ್ಲ. ಅಷ್ಟೂ ಮಕ್ಕಳಿಗೆ ಸುಮ್ನೆ ಸೂಜಿ ಚುಚ್ಚಿದ ಹಾಗಾಯಿತು ಅಲ್ವಾ?

ಇನ್ನೊಂದು ಮಾತು. ಹೊಸದೇ ಮೇಲು ಎಂದು ಮೊದಲೇ ಖಾತ್ರಿಯಿದ್ದರೆ ಪ್ರಯೋಗ ಯಾಕೆ ಬೇಕಿತ್ತು? ಎಲ್ಲರಿಗೂ ಅದನ್ನೇ ಬರೆದುಕೊಡುತ್ತಿದ್ದೆವು. ಡಾಕ್ಟರುಗಳ ಖಾತ್ರಿಯೂ ತಲೆಕೆಳಗಾಗುತ್ತೆ. ಜೋರು ಜ್ವರ ಬಂದು ರಕ್ತ ಸಂಚಾರ ಕುಸಿದ ಮಕ್ಕಳಿಗೆ ರಕ್ತನಾಳದಲ್ಲಿ ಬೇಗಬೇಗ ದ್ರವ ಹರಿಸಬೇಕು ಎಂದು ಶ್ರೀಮಂತ ದೇಶಗಳ ಪುಸ್ತಕ ಹೇಳುತ್ತಿತ್ತು. ಕೀನ್ಯಾ, ಉಗಾಂಡಾ, ತಾಂಜಾನಿಯಾದ 3,141 ಮಕ್ಕಳಲ್ಲಿ ಅದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. 48 ಗಂಟೆಯೊಳಗೆ ತೀರಿಕೊಂಡವರು ಹಾಗೆ ದ್ರವ ಹರಿಸಿದ ಗುಂಪುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ, ಹರಿಸದ ಗುಂಪಿನಲ್ಲಿ ಸುಮಾರು ಏಳು. ಅಲ್ಲಿ ನಮ್ಮ ಅಜ್ಜ ಇದ್ದಿದ್ದರೆ ಯಾವ ಗುಂಪಿಗೆ ಪತ್ರ ತರುತ್ತಿದ್ದರು? ಇದನ್ನು ಓದಿ ಸಲೈನ್ ಬೇಡ ಎಂದು ಹಟ ಹಿಡಿಯಬೇಡಿ ಮತ್ತೆ. ವಾಂತಿಭೇದಿಯ ಮಕ್ಕಳನ್ನು ಆ ಪ್ರಯೋಗಕ್ಕೆ ತೆಗೆದುಕೊಂಡಿರಲಿಲ್ಲ, ಅವರ ಲೆಕ್ಕವೇ ಬೇರೆ.

ದೊಡ್ಡ ಐಸಿಯು ಇರುವ ಕಡೆ ಸರಿ ಅನ್ನಿಸಿದ್ದು ಬೇರೆ ಕಡೆ ಮುಳುವಾಯಿತು ನೋಡಿ. ಪ್ರಯೋಗ ನಮ್ಮ ಜಿಲ್ಲೆಗಳಿಗೂ ಬರಬೇಕು ಎಂದು ನಾನು ಹೇಳುವುದು ಅದಕ್ಕೇ. ರಕ್ತ ಕಡಿಮೆ ಇರುವ, ತೂಕ ಕಡಿಮೆ ಇರುವ ನಮ್ಮ ಮಕ್ಕಳಿಗೆ ಎಷ್ಟು ಡೋಸ್ ಎಂಬುದನ್ನು ಮಹಾನಗರದ ಮಕ್ಕಳನ್ನು ನೋಡಿಯೇ ನಿರ್ಧರಿಸೋಕೆ ಆಗಲ್ಲ. ಆದರೆ ಬರೋದು ಸುಲಭವಿಲ್ಲ. ಪ್ರಯೋಗ ನಡೆಯುವ ಆಸ್ಪತ್ರೆಗೆ ಸ್ವಂತ ನೈತಿಕ ಸಮಿತಿ, ಅಂದರೆ ಪ್ರಯೋಗದಿಂದ ರೋಗಿಗಳಿಗೆ ಅನ್ಯಾಯವಾಗದಂತೆ ನೋಡುವ ಸಮಿತಿ, ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿ.ಮೀ. ಒಳಗಿನ ಸಮಿತಿಯ ಒಪ್ಪಿಗೆ ಬೇಕು ಎನ್ನುತ್ತವೆ ಔಷಧಿ ಪ್ರಯೋಗದ ಬಗ್ಗೆ ಕೇಂದ್ರ ಸರ್ಕಾರದ 2019ರ ನಿಯಮಗಳು. ಕಲಬುರಗಿಯಿಂದ ಯಾದಗಿರಿಯೂ ಅದಕ್ಕಿಂತ ದೂರ, ಬೀದರ್ ಇನ್ನೂ ದೂರ. ಅಲ್ಲಲ್ಲೇ ಸಮಿತಿ ಗಟ್ಟಿಯಾಗಬೇಕು.

ಸಹಿ ಹಾಕುವುದು ಅಪ್ಪ ಅಮ್ಮ. ಓದು ಬಾರದಿದ್ದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಬೇಡ ಅನ್ನಿಸಿದರೆ ನಡುವೆಯೇ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಲ್ಲ. ಏಳು ದಾಟಿದ ಮಗುವನ್ನೂ ಕೇಳಬೇಕು, ಇದು ನಮ್ಮವರಿಗೆ ನಗು ತರಿಸುತ್ತೆ. ಆ ಅಜ್ಜನ ಮೊಮ್ಮಗ ಒಂಬತ್ತರವನು. 'ಸೂಜಿ ಎಷ್ಟ್ ಸಲ ಚುಚ್ತೀರಿ?' ಅಂದ. ಆ ಮನೆಯಿಂದ ಬಂದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಹೇಳಿದೆ. ಸ್ವಲ್ಪ ಯೋಚಿಸಿ, 'ಎಡಗೈಗೆ ಚುಚ್ರಿ, ಬಲಗೈಲಿ ಬೌಲಿಂಗ್ ಮಾಡ್ತೀನಿ' ಅಂದ.

ಸಹಿಗೆ ಮೊದಲು ನೀವೂ ಕೇಳಿ. ಎಷ್ಟು ಸಲ ಬರಬೇಕು, ಬಸ್ ಚಾರ್ಜ್ ಕೊಡ್ತೀರಾ, ಕೂಲಿ ತಪ್ಪಿದ್ದಕ್ಕೆ ಏನು, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ತೊಗರಿ ರಾಶಿ ಮುಗಿಸಿ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುವವರಾದರೆ ಅದನ್ನು ಮೊದಲೇ ಹೇಳಿಬಿಡಿ. ತಪಾಸಣೆಯ ತಾರೀಖು ಹೊಂದಿಸೋಕೆ ಆಗುತ್ತಾ ನೋಡುತ್ತೇವೆ. ಆಗದಿದ್ದರೆ ಸೇರಿಸಿಕೊಳ್ಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.