ನೊವುಸ್: ನಮ್ಮ ‘ನವ’ದ ಲ್ಯಾಟಿನ್ ನೆಂಟ

‘ನವವಧು’, ‘ನವೋದಯ’ ಎನ್ನುವಾಗ ಬರುವ ‘ನವ’ ನಮಗೆ ಸಂಸ್ಕೃತದಿಂದ ಬಂದದ್ದು. ಹಳೆಯ ರೋಮನ್ನರ ಭಾಷೆಯಾದ ಲ್ಯಾಟಿನ್ನಿನಲ್ಲಿ ಅದಕ್ಕೊಬ್ಬ ಹತ್ತಿರದ ನೆಂಟನಿದ್ದಾನೆ: ‘ನೊವುಸ್’. ಅರ್ಥವೂ ಅದೇ, ಹೊಸ. ಎರಡೂ ಇಂಡೋ-ಯುರೋಪಿಯನ್ ಭಾಷಾಕುಟುಂಬದ ಒಂದೇ ಬೇರಿನಿಂದ ಚಿಗುರಿದವು.

ಕನ್ನಡದ ‘ಹೊಸ’ ಪದಕ್ಕೆ ಯಾವ ರಗಳೆಯೂ ಇಲ್ಲ. ಹೊಸ ಗೆಳೆಯ, ಹೊಸ ಗೆಳತಿ, ಹೊಸ ಮಾತು, ಎಲ್ಲಿಟ್ಟರೂ ಹಾಗೇ ಇರುತ್ತದೆ. ಲ್ಯಾಟಿನ್ ಗುಣವಾಚಕ ಮಾತ್ರ ನಾಮಪದದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ಹೊಂದಿಕೊಳ್ಳಬೇಕು. ಗೆಳೆಯನಾದರೆ ‘ಅಮೀಕುಸ್ ನೊವುಸ್’, ಗೆಳತಿಯಾದರೆ ‘ಅಮೀಕ ನೊವ’, ಮಾತಾದರೆ ‘ವೆರ್ಬುಮ್ ನೊವುಮ್’. ‘ಹೊಸ ಗೆಳೆಯನ’ ಎನ್ನಬೇಕಾದರೆ ಎರಡೂ ಪದ ಬದಲಾಗಿ ‘ಅಮೀಕೀ ನೊವೀ’.

ಹಾಗಂತ ಸುಮ್ನೆ ಪ್ರಾಸ ಹೊಂದಿಸಿದರೆ ಆಗದು. ‘ನೌತ’ ಎಂದರೆ ನಾವಿಕ. ಕೊನೆಯಲ್ಲಿ ‘ಅ’ ಇದ್ದರೂ ಅದು ಪುಲ್ಲಿಂಗ. ಆದ್ದರಿಂದ ‘ನೌತ ನೊವುಸ್’ ಎಂದೇ ಹೇಳಬೇಕು. ನೋಡಬೇಕಾದದ್ದು ಲಿಂಗವನ್ನು, ಕೊನೆಯ ಸದ್ದನ್ನಲ್ಲ.

ರೋಮನ್ನರಿಗೆ ಹೊಸದೆಂದರೆ ಕೊಂಚ ಅನುಮಾನವೂ ಇತ್ತು. ‘ರೇಸ್ ನೊವೈ’, ಅಂದರೆ ‘ಹೊಸ ಸಂಗತಿಗಳು’, ಎಂದರೆ ಅವರ ಮಾತಿನಲ್ಲಿ ರಾಜ್ಯಕ್ರಾಂತಿ! ಮನೆತನದಲ್ಲಿ ಯಾರೂ ಏರದ ಪದವಿಗೆ ಏರಿದವನನ್ನು ‘ಹೊಮೊ ನೊವುಸ್’, ಹೊಸ ಮನುಷ್ಯ ಎನ್ನುತ್ತಿದ್ದರು. ಕ್ರಿ.ಪೂ. 63ರಲ್ಲಿ ಕಾನ್ಸಲ್, ಅಂದರೆ ರೋಮ್‌ನ ಅತ್ಯುನ್ನತ ಅಧಿಕಾರಿ, ಆದ ವಾಗ್ಮಿ ಸಿಸೆರೊ ಅಂಥವನು.

ಈ ಪದದ ಮಕ್ಕಳು ಇಂದಿಗೂ ಓಡಾಡುತ್ತಿದ್ದಾರೆ. ಇಟಾಲಿಯನ್ನಿನ ‘ನುವೊವೊ’, ಸ್ಪ್ಯಾನಿಷ್‌ನ ‘ನುಯೆವೊ’, ಪೋರ್ಚುಗೀಸ್‌ನ ‘ನೋವು’, ರೊಮೇನಿಯನ್ನಿನ ‘ನೊವು’. ಬಾರ್ಸಿಲೋನಾದ ಫುಟ್‌ಬಾಲ್ ಮೈದಾನ ಕ್ಯಾಂಪ್ ನೌ ಗೊತ್ತಲ್ವಾ? ಕತಲಾನ್ ಭಾಷೆಯಲ್ಲಿ ಅದು ‘ಹೊಸ ಮೈದಾನ’.

ನನಗೆ ಎಲ್ಲಕ್ಕಿಂತ ಇಷ್ಟ ಫ್ರೆಂಚ್‌ನ ‘ನಫ್’. ಹೊಸದಕ್ಕೂ ಅದೇ, ಒಂಬತ್ತಕ್ಕೂ ಅದೇ. ಲ್ಯಾಟಿನ್ನಿನ ‘ನೊವುಸ್’ ಮತ್ತು ಒಂಬತ್ತು ಎನ್ನುವ ‘ನೊವೆಮ್’ ಎರಡೂ ಸವೆದು ಸವೆದು ಒಂದೇ ಆದವು. ನಮ್ಮಲ್ಲೂ ಹಾಗೇ ಅಲ್ವಾ? ನವರಾತ್ರಿಯ ‘ನವ’ ಒಂಬತ್ತು, ನವವಧುವಿನ ‘ನವ’ ಹೊಸತು. ಪ್ಯಾರಿಸ್‌ನಲ್ಲಿ 1607ರಲ್ಲಿ ಮುಗಿದ ‘ಪೋನ್ ನಫ್’, ಅಂದರೆ ಹೊಸ ಸೇತುವೆ, ಸೇನ್ ನದಿಯ ಮೇಲೆ ಅಲ್ಲಿ ಉಳಿದಿರುವ ಸೇತುವೆಗಳಲ್ಲೆಲ್ಲ ಹಳೆಯದು.

ನಮ್ಮ ಪಕ್ಕದಲ್ಲೂ ಈ ಪದ ಬಂದು ಹೋಗಿದೆ. 1843ರಲ್ಲಿ ಪೋರ್ಚುಗೀಸರು ಪಣಜಿಗೆ ‘ನೋವಾ ಗೋವಾ’ ಎಂದು ಹೆಸರಿಟ್ಟರು. ಕಾರವಾರಕ್ಕೆ ತಾಗಿಕೊಂಡಿರುವ ಕಾಣಕೋಣದಂಥ ತಾಲೂಕುಗಳನ್ನು ‘ನೋವಾಸ್ ಕೊಂಕಿಸ್ತಾಸ್’, ಹೊಸದಾಗಿ ಗೆದ್ದ ನೆಲಗಳು, ಎಂದು ಕರೆದರು. ನೆಲ ಹಲವು, ಪದ ಸ್ತ್ರೀಲಿಂಗ. ಅದಕ್ಕೇ ‘ನೋವಾ’ ಇಲ್ಲಿ ‘ನೋವಾಸ್’ ಆಗಿದೆ.